ಮನೆ, ಅಂಗಡಿ ವೈಫೈ: ರೌಟರ್‌ನಲ್ಲಿ ನೋಡಲೇಬೇಕಾದ ಸೆಟ್ಟಿಂಗ್‌ಗಳು

ಬ್ಯಾಡರಹಳ್ಳಿ: ಕನೆಕ್ಷನ್ ಕೊಟ್ಟ ದಿನ ಹುಡುಗ ಹಾಕಿಹೋದ ಪಾಸ್‌ವರ್ಡೇ ಎಷ್ಟೋ ಕಡೆ ಇವತ್ತಿಗೂ ಇರುತ್ತೆ. ಬಿಲ್ಲಿಂಗ್ ಕಂಪ್ಯೂಟರ್, ಸಿಸಿಟಿವಿ, ಗಿರಾಕಿಗಳ ಮೊಬೈಲ್ ಎಲ್ಲ ಒಂದೇ ವೈಫೈನಲ್ಲಿ. ಆ ಲೈನ್‌ನಿಂದ ಯಾರೋ ವಂಚನೆ ಮಾಡಿದರೂ ವಿಚಾರಣೆ ಮೊದಲು ಬರೋದು ಬಿಲ್ ಯಾರ ಹೆಸರಲ್ಲಿದೆಯೋ ಅವರ ಬಾಗಿಲಿಗೆ. 2016ರಲ್ಲಿ ‘ಮಿರಾಯ್’ ವೈರಸ್ ಲಕ್ಷಾಂತರ ಕ್ಯಾಮೆರಾ, ರೌಟರ್‌ಗಳಿಗೆ ನುಗ್ಗಿದ್ದು ಕಂಪನಿ ಪಾಸ್‌ವರ್ಡ್ ಬದಲಿಸದೇ ಇದ್ದದ್ದರಿಂದಲೇ.

ತೆರೆಯೋದು ಹೇಗೆ?: ಮೊಬೈಲ್ ಬ್ರೌಸರ್‌ನಲ್ಲಿ 192.168.1.1 ಅಥವಾ 192.168.0.1 ಒತ್ತಿ. ಸರಿಯಾದ ವಿಳಾಸ, ಲಾಗಿನ್ ವಿವರ ಸಾಮಾನ್ಯವಾಗಿ ರೌಟರ್ ಕೆಳಗಿನ ಸ್ಟಿಕ್ಕರ್‌ನಲ್ಲಿರುತ್ತೆ.

1. ಅಡ್ಮಿನ್ ಪಾಸ್‌ವರ್ಡ್: ಮೊದಲು ಇದನ್ನೇ ಬದಲಿಸಿ. ವೈಫೈ ಪಾಸ್‌ವರ್ಡ್ ಬೇರೆ, ಇದು ಬೇರೆ.

2. ವ್ಯಾನ್: ಹೊರಗಿನಿಂದ ಬರುವ ಲೈನ್. ಇಲ್ಲಿನ ಪಿಪಿಪಿಒಇ, ವಿಲ್ಯಾನ್ ಮುಟ್ಟಬೇಡಿ, ನೆಟ್ ನಿಂತುಹೋಗುತ್ತೆ.

3. ಲ್ಯಾನ್: ಒಳಗಿನ ಲೈನ್. ಬಿಲ್ಲಿಂಗ್ ಕಂಪ್ಯೂಟರ್‌ಗೆ ಇಲ್ಲಿಂದ ಕೇಬಲ್ ಎಳೆಯಿರಿ.

4. ವೈಫೈ: ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಇರಲಿ. ಡಬ್ಲ್ಯುಪಿಎಸ್ ಆಫ್ ಮಾಡಿ.

5. ಗೆಸ್ಟ್ ನೆಟ್‌ವರ್ಕ್: ಗಿರಾಕಿಗಳಿಗೆ, ಬಾಡಿಗೆಯವರಿಗೆ ಇದನ್ನೇ ಕೊಡಿ. ನಿಮ್ಮ ಕಂಪ್ಯೂಟರ್ ಅವರ ಕೈಗೆ ಸಿಗಲ್ಲ.

6. ಫೈರ್‌ವಾಲ್: ಆನ್ ಇರಲಿ. ರಿಮೋಟ್ ಮ್ಯಾನೇಜ್‌ಮೆಂಟ್, ಯುಪಿಎನ್‌ಪಿ ಆಫ್. ಸಿಸಿಟಿವಿಗೆ ಪೋರ್ಟ್ ಫಾರ್ವರ್ಡಿಂಗ್ ಮಾಡಿದ್ದರೆ ತೆಗೆಸಿ, ಕಂಪನಿ ಆ್ಯಪ್‌ನಲ್ಲೇ ನೋಡಿ. ಡಿವಿಆರ್ ಪಾಸ್‌ವರ್ಡನ್ನೂ ಬದಲಿಸಿ.

ಎಚ್ಚರಿಕೆ: ರೀಸೆಟ್ ಬಟನ್ ಒತ್ತಿ ಹಿಡಿದರೆ ವ್ಯಾನ್ ವಿವರವೂ ಅಳಿಸಿಹೋಗುತ್ತೆ. ಮೊದಲೇ ಫೋಟೋ ತೆಗೆದಿಟ್ಟುಕೊಳ್ಳಿ.

ಆನ್‌ಲೈನ್‌ನಲ್ಲಿ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.