ಕಡತ ವರ್ಗಾವಣೆಯ ಸರ್ವರಿಗೆ ಕಡ್ಡಾಯ ನಿಯಂತ್ರಣ: ಒಂದು ಸಮೀಕ್ಷೆ

ಕಾನ್ಪುರದ ಐಐಟಿಯ ಪ್ರಥಮ ತಂಡದಲ್ಲಿ ಪದವಿ ಪಡೆದು ಅಮೆರಿಕದ ಎಂಐಟಿಯನ್ನು ಸೇರಿದ್ದ ಅಭಯ ಭೂಷಣರು 1971ರಲ್ಲಿ ಎಫ್‌ಟಿಪಿ ಎಂಬ ಕಡತ ವರ್ಗಾವಣೆಯ ನಿಯಮಾವಳಿಯನ್ನು ರಚಿಸಿದಾಗ, ಜಾಲವೆಂಬುದು ಪರಸ್ಪರ ಪರಿಚಿತವಾದ ಕೆಲವೇ ಸಂಸ್ಥೆಗಳ ಕೂಟವಾಗಿದ್ದುದರಿಂದ, ವಿಶ್ವಾಸವೇ ಅಲ್ಲಿ ರಕ್ಷಣೆಯೂ ಆಗಿದ್ದಿತು. ಜಾಲವು ಲೋಕವ್ಯಾಪಿಯಾದ ಮೇಲೆ ಆ ವಿಶ್ವಾಸಕ್ಕೆ ಆಧಾರ ಉಳಿಯಲಿಲ್ಲ. ಯೂನಿಕ್ಸ್ ಸಂಪ್ರದಾಯದಲ್ಲಿ ಕಡತವನ್ನು ಯಾರು ಓದಬಹುದೆಂಬುದನ್ನು ಅದರ ಒಡೆಯನೇ ಇಚ್ಛಾನುಸಾರ ನಿರ್ಧರಿಸುವನು. ವ್ಯವಸ್ಥೆಯ ಪರಮಾಧಿಕಾರಿ ಖಾತೆಯಾದ ರೂಟ್‌ಗಂತೂ ತಡೆಯೆಂಬುದೇ ಇಲ್ಲ. 2000ದಲ್ಲಿ ಡಬ್ಲ್ಯೂಯು-ಎಫ್‌ಟಿಪಿಡಿ ಎಂಬ ಬಹುಪ್ರಚಲಿತ ಸರ್ವರಿನ ‘ಸೈಟ್ ಎಕ್ಸೆಕ್’ ಆಜ್ಞೆಯಲ್ಲಿ ಬಯಲಾದ ದೋಷವೊಂದರಿಂದ, ದೂರದ ಅಪರಿಚಿತನು ಆ ರೂಟ್ ಅಧಿಕಾರವನ್ನೇ ಕೈವಶ ಮಾಡಿಕೊಳ್ಳಬಹುದಾಗಿತ್ತು.

ಒಡೆಯನ ಇಚ್ಛೆಯನ್ನೂ ಮೀರಿ ವ್ಯವಸ್ಥೆಯೇ ವಿಧಿಸುವ ನಿರ್ಬಂಧದ ಕಲ್ಪನೆ ಇದಕ್ಕಿಂತ ಹಳೆಯದು. 1973ರಲ್ಲಿ ಬೆಲ್ ಮತ್ತು ಲಾಪಡುಲಾ ಗಣಿತದ ಭಾಷೆಯಲ್ಲಿ ನಿರೂಪಿಸಿದ, 1983ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯ ‘ಆರೆಂಜ್ ಬುಕ್’ ಅಂಗೀಕರಿಸಿದ ಶ್ರೇಣಿಪದ್ಧತಿಯು ಸೈನ್ಯದ ರಹಸ್ಯಪತ್ರಗಳಿಗೆ ಒಪ್ಪುವಂತಹುದು. ಹಲವರಿಂದ ಪಡೆದು ಹಲವರಿಗೆ ಕೊಡತಕ್ಕ ಸರ್ವರಿಗೆ ಅದರಿಂದಾದ ಉಪಕಾರ ಅಲ್ಪ. ನನ್ನ ದೃಷ್ಟಿಯಲ್ಲಿ ನಿಜವಾದ ತಿರುವು ಬಂದುದು 1985ರಲ್ಲಿ, ಬೋಬರ್ಟ್ ಮತ್ತು ಕೇನ್ ಅವರಿಂದ: ಪ್ರಕ್ರಿಯೆಗೊಂದು ಡೊಮೇನ್, ಕಡತಕ್ಕೊಂದು ಟೈಪ್, ಇವೆರಡರ ನಡುವೆ ನೀತಿಯು ಅನುಮತಿಯನ್ನು ಬರೆದಿಲ್ಲವಾದರೆ ರೂಟ್‌ಗೂ ನಿಷೇಧವೇ. ಯೂಟಾ ವಿಶ್ವವಿದ್ಯಾಲಯದ ಫ್ಲಾಸ್ಕ್ ಸಂಶೋಧನೆಯ ಮೂಲಕ ಹಾದುಬಂದ ಈ ವಿಚಾರವನ್ನು ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯು 2000ದ ಡಿಸೆಂಬರಿನಲ್ಲಿ ಎಸ್‌ಇಲಿನಕ್ಸ್ ರೂಪದಲ್ಲಿ ಪ್ರಕಟಿಸಿತು. 2003ರಲ್ಲಿ ಅದು ಲಿನಕ್ಸ್ 2.6 ಕರ್ನಲಿನ ಅಂಗವಾಯಿತು. ಸಮಸ್ತ ಪ್ರಕ್ರಿಯೆಗಳನ್ನೂ ಬಿಗಿಯುವ ಆರಂಭದ ನೀತಿ ಬಳಕೆದಾರರಿಗೆ ದುಸ್ಸಹವಾಗಲು, ಫೆಡೋರಾದವರು ಆಯ್ದ ಸೇವೆಗಳನ್ನಷ್ಟೇ ನಿರ್ಬಂಧಿಸುವ ‘ಟಾರ್ಗೆಟೆಡ್’ ನೀತಿಯನ್ನು ತಂದರು. ಕಾಲಕ್ರಮದಲ್ಲಿ ವಿಎಸ್‌ಎಫ್‌ಟಿಪಿಡಿ ಎಂಬ ಎಫ್‌ಟಿಪಿ ಸರ್ವರೂ ಅದರ ಪರಿಧಿಗೆ ಸೇರಿತು. ಡೊಮೇನ್, ಟೈಪುಗಳನ್ನು ಸೂಚಿಸುವ ಲೇಬಲ್ಲಿಗೆ ಬದಲಾಗಿ ಕಡತದ ಪಥವನ್ನೇ ಆಧರಿಸುವ ಆಪ್‌ಆರ್ಮರ್ ಎಂಬ ಇನ್ನೊಂದು ವ್ಯವಸ್ಥೆ 2010ರಲ್ಲಿ ಕರ್ನಲನ್ನು ಪ್ರವೇಶಿಸಿತು.

ಇಂದು ರೆಡ್ ಹ್ಯಾಟ್ ವರ್ಗದ ಲಿನಕ್ಸಿನಲ್ಲಿ ವಿಎಸ್‌ಎಫ್‌ಟಿಪಿಡಿಯು ‘ಎಫ್‌ಟಿಪಿಡಿ_ಟಿ’ ಡೊಮೇನಿನಲ್ಲಿ ನಡೆಯುವುದು. ‘/ವಾರ್/ಎಫ್‌ಟಿಪಿ’ಯ ಕಡತಗಳಿಗೆ ‘ಪಬ್ಲಿಕ್_ಕಂಟೆಂಟ್_ಟಿ’ ಲೇಬಲ್. ನಿರ್ವಾಹಕನು ತನ್ನ ಹೋಮ್ ಡೈರೆಕ್ಟರಿಯ ಕಡತವನ್ನು ‘ಸಿಪಿ’ ಆಜ್ಞೆಯಿಂದ ಅಲ್ಲಿಗೆ ನಕಲು ಮಾಡಿದರೆ ಹೊಸ ಸ್ಥಳದ ಲೇಬಲ್ ದೊರೆಯುವುದು. ‘ಎಂವಿ’ಯಿಂದ ಸಾಗಿಸಿದರಾದರೋ ಹಳೆಯ ‘ಯೂಸರ್_ಹೋಮ್_ಟಿ’ ಲೇಬಲ್ಲೇ ಜೊತೆಯಲ್ಲಿ ಬಂದು, ಓದುವ ಪರವಾನಗಿ ಎಲ್ಲರಿಗೂ ಇದ್ದಾಗ್ಯೂ, ಕಡತ ಕೇಳಿದವನಿಗೆ 550 ಎಂಬ ನಿರಾಕರಣೆ ಪ್ರಾಪ್ತವಾಗುವುದು. ಸ್ಥಳಕ್ಕೆ ತಕ್ಕ ಲೇಬಲ್ಲನ್ನು ಮರಳಿ ಹಚ್ಚುವ ‘ರಿಸ್ಟೋರ್‌ಕಾನ್’ ಎಂಬ ಒಂದೇ ಆಜ್ಞೆಯಿಂದ ನೀಗುವ ಈ ಅಡಚಣೆಗೆ ಬೇಸತ್ತು ಎಸ್‌ಇಲಿನಕ್ಸನ್ನೇ ನಿಲ್ಲಿಸಿಬಿಡುವವರುಂಟೆಂಬುದು ವಿಷಾದಕರ.

ಅನಾಮಿಕರಿಂದ ಕಡತಗಳನ್ನು ಸ್ವೀಕರಿಸಬೇಕಾದಲ್ಲಿ, ವಿಎಸ್‌ಎಫ್‌ಟಿಪಿಡಿಯ ಸ್ವಂತ ಅನುಮತಿಯ ಜೊತೆಗೆ, ಡೈರೆಕ್ಟರಿಗೆ ‘ಪಬ್ಲಿಕ್_ಕಂಟೆಂಟ್_ಆರ್‌ಡಬ್ಲ್ಯೂ_ಟಿ’ ಲೇಬಲ್ಲೂ ‘ಎಫ್‌ಟಿಪಿಡಿ_ಆನನ್_ರೈಟ್’ ಎಂಬ ಬೂಲಿಯನ್, ಅಂದರೆ ನೀತಿಯ ಸ್ವಿಚ್ಚು, ತೆರೆದಿರುವುದೂ ಬೇಕು. ಒಂದಿದ್ದು ಇನ್ನೊಂದಿಲ್ಲವಾದರೆ ಬರವಣಿಗೆ ನಡೆಯದು. ‘ಎಫ್‌ಟಿಪಿಡಿ_ಫುಲ್_ಆಕ್ಸೆಸ್’ ಎಂಬ ಸುಲಭೋಪಾಯವೂ ಇದೆಯಾದರೂ, ಅದನ್ನು ತೆರೆದೊಡನೆ ಇಷ್ಟು ವರ್ಷಗಳ ಸಾಧನೆಯ ಫಲ ಆ ಸರ್ವರಿಗೆ ಬಹುಮಟ್ಟಿಗೆ ನಷ್ಟವಾಗುವುದು. ಆದಕಾರಣ, ನಿರಾಕರಣೆ ಎದುರಾದಾಗ ನಿರ್ವಾಹಕರು ಮೊದಲು ಆಡಿಟ್ ಲಾಗನ್ನು ಓದಬೇಕು. ಯಾವ ಡೊಮೇನಿಗೆ ಯಾವ ಟೈಪು ನಿಷಿದ್ಧವಾಯಿತೆಂಬುದು ಅಲ್ಲಿ ಒಂದೇ ಸಾಲಿನಲ್ಲಿ ದಾಖಲಾಗಿರುತ್ತದೆ.