ಧ್ಯಾನದ ನಿತ್ಯನೇಮ

ಉಸಿರು, ಮಂತ್ರ, ಕುರುಹು ಅಥವಾ ದೇಹದ ಸಂವೇದನೆಯ ಮೇಲೆ ಮನಸ್ಸು ನಿಲ್ಲಿಸಿ ದಿನವೂ ಗೊತ್ತಾದ ಹೊತ್ತಿನಲ್ಲಿ ಕೂರುವ ರೂಢಿ. ಧ್ಯಾನವನ್ನು ಕಲಿಯುವುದು ಬೇರೆ, ಅದನ್ನು ತಿಂಗಳು ವರ್ಷಗಟ್ಟಲೆ ಬಿಡದೆ ನಡೆಸುವುದು ಬೇರೆ. ಮೊದಲನೆಯದಕ್ಕೆ ಗುರುಗಳೂ ಶಿಬಿರಗಳೂ ಇವೆ; ಎರಡನೆಯದಕ್ಕೆ ನೆರವಾಗುವುದು ಹೆಚ್ಚಾಗಿ ಮನೆಯ ದಿನಚರಿ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಇದರ ಹಳೆಯ ಮತ್ತು ಹೊಸ ಮಾದರಿಗಳೆರಡೂ ಕಾಣಸಿಗುತ್ತವೆ.

ಹಳೆಯ ಮಾದರಿಗಳಲ್ಲಿ ಮುಖ್ಯವಾದುದು ವೀರಶೈವ ಲಿಂಗಾಯತರ ಇಷ್ಟಲಿಂಗ ಪೂಜೆ. ನೆಲಮಂಗಲ ತಾಲ್ಲೂಕಿನ ಶಿವಗಂಗೆ ಬೆಟ್ಟ ಗಂಗಾಧರೇಶ್ವರನ ಕ್ಷೇತ್ರ. ಅಲ್ಲಿ ವೀರಶೈವ ಮಠವೂ ಇದೆ. ಆದರೆ ಇಷ್ಟಲಿಂಗ ಧ್ಯಾನಕ್ಕೆ ಬೆಟ್ಟವೂ ಬೇಡ, ಗುಡಿಯೂ ಬೇಡ. ದೀಕ್ಷೆಯಲ್ಲಿ ಗುರು ಕೊಟ್ಟ ಲಿಂಗ ಕರಡಿಗೆಯಲ್ಲೋ ವಸ್ತ್ರದಲ್ಲೋ ಸದಾ ಮೈಮೇಲೆ ಇರುತ್ತದೆ. ಸ್ನಾನವಾದ ಮೇಲೆ ವಿಭೂತಿ ಧರಿಸಿ, ಲಿಂಗವನ್ನು ಎಡ ಅಂಗೈ ಮೇಲಿಟ್ಟು, ಅದರ ಕಪ್ಪು ಕಂಥಿಯ (ಹೊರಲೇಪದ) ಹೊಳಪಿನ ಮೇಲೆ ದೃಷ್ಟಿ ನೆಟ್ಟು ಪಂಚಾಕ್ಷರಿ ಜಪಿಸುತ್ತಾರೆ. ದೃಷ್ಟಿ ನಿಂತರೆ ಮನಸ್ಸು ನಿಲ್ಲುತ್ತದೆ ಎಂಬುದು ಇದರ ಹಿಂದಿನ ತಿಳಿವಳಿಕೆ. ನೇಮಸ್ಥರ ಮನೆಗಳಲ್ಲಿ ಲಿಂಗಪೂಜೆ ಆಗದೆ ಊಟವಿಲ್ಲ. ಈ ಕಟ್ಟಳೆಯನ್ನು ಬರಿಯ ಮಡಿ ಎಂದು ತಳ್ಳಿಹಾಕುವಂತಿಲ್ಲ. ಹಸಿವು ದಿನಾ ತಾನಾಗಿ ಬರುವುದರಿಂದ, ಪೂಜೆಯನ್ನು ನೆನಪಿಸಲು ಬೇರೆ ಯಾರೂ ಬೇಕಾಗುವುದಿಲ್ಲ. ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮೀಜಿ (1907–2019) ಮುಪ್ಪಿನಲ್ಲೂ ಬಿಡದ ಲಿಂಗಪೂಜೆಯ ನೇಮ ನಾಡಿಗೆಲ್ಲ ತಿಳಿದದ್ದು. ಅವರು ಹುಟ್ಟಿದ ವೀರಾಪುರ ಇರುವ ಮಾಗಡಿ ತಾಲ್ಲೂಕು 2007ರಲ್ಲಿ ರಾಮನಗರ ಜಿಲ್ಲೆ ಆಗುವವರೆಗೆ ಬೆಂಗಳೂರು ಗ್ರಾಮಾಂತರಕ್ಕೇ ಸೇರಿತ್ತು.

ಬ್ರಾಹ್ಮಣರ ಸಂಧ್ಯಾವಂದನೆ ಪ್ರಾಣಾಯಾಮ ಮತ್ತು ಗಾಯತ್ರೀ ಜಪವನ್ನು ಸೂರ್ಯನ ಹೊತ್ತಿಗೆ ಗಂಟು ಹಾಕಿತು. ಜೈನರ ಸಮಭಾವದ ಧ್ಯಾನವಾದ ಸಾಮಾಯಿಕಕ್ಕೆ ಅವಧಿಯೇ ಗೊತ್ತು: ಒಂದು ಮುಹೂರ್ತ, ಎಂದರೆ ಎರಡು ಘಳಿಗೆ, ಇಂದಿನ ಲೆಕ್ಕದಲ್ಲಿ 48 ನಿಮಿಷ.

ಹೊಸ ಮಾದರಿಗಳಲ್ಲಿ ಕಟ್ಟುನಿಟ್ಟಾದದ್ದು, ದೇಹದ ಸಂವೇದನೆಗಳನ್ನು ಗಮನಿಸುವ ವಿಪಶ್ಯನ. ಮ್ಯಾನ್ಮಾರ್‌ನಲ್ಲಿ ಹುಟ್ಟಿ ಬೆಳೆದ ಎಸ್.ಎನ್. ಗೋಯೆಂಕಾ (1924–2013) ಇದನ್ನು 1969ರಿಂದ ಭಾರತದಲ್ಲಿ ಕಲಿಸಿದರು. ಆ ಪರಂಪರೆಯ ಧಮ್ಮ ಪಫುಲ್ಲ ಕೇಂದ್ರ ನೆಲಮಂಗಲದ ಹತ್ತಿರ, ತುಮಕೂರು ರಸ್ತೆಯಿಂದ ಒಳಗಿನ ಆಲೂರಿನಲ್ಲಿದೆ. ಸರ್ಕಾರಿ ಲೆಕ್ಕದಲ್ಲಿ ಅದು ಬೆಂಗಳೂರು ಉತ್ತರ ತಾಲ್ಲೂಕು. ಹತ್ತು ದಿನದ ಮೌನ ಶಿಬಿರಕ್ಕೆ ಶುಲ್ಕವಿಲ್ಲ, ಹಳೆಯ ಸಾಧಕರ ದಾನದಿಂದ ನಡೆಯುತ್ತದೆ. ಶಿಬಿರ ಮುಗಿಸಿದವರು ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಮನೆಯಲ್ಲಿ ಕೂರಬೇಕು, ವಾರಕ್ಕೊಮ್ಮೆ ಇತರರೊಡನೆ ಸೇರಿ ಕೂರಬೇಕು, ವರ್ಷಕ್ಕೊಮ್ಮೆ ಮತ್ತೆ ಶಿಬಿರಕ್ಕೆ ಬರಬೇಕು ಎಂಬುದು ಸಲಹೆ. ಸಂಸಾರಸ್ಥರಿಗೆ ದಿನಕ್ಕೆ ಎರಡು ಗಂಟೆ ಭಾರವೇ. ಶಿಬಿರದಲ್ಲಿ ಗಂಟೆ ಬಾರಿಸಿ ಎಬ್ಬಿಸುವವರಿದ್ದರು, ಅಡುಗೆ ಮಾಡಿ ಬಡಿಸುವವರಿದ್ದರು. ಮನೆಯಲ್ಲಿ ಆ ಕೆಲಸವೆಲ್ಲ ತನ್ನದೇ. ವಾರದ ಕೂಟಕ್ಕೆ ತಪ್ಪದೆ ಹೋಗುವುದು ಇಲ್ಲಿ ದೊಡ್ಡ ಆಸರೆ.

ರೂಢಿ ಬೇರೂರುವ ಬಗೆಯನ್ನು ಲಂಡನ್ನಿನ ಸಂಶೋಧಕಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರಲ್ಲಿ ಅಭ್ಯಸಿಸಿ 2010ರಲ್ಲಿ ಪ್ರಕಟಿಸಿದರು. ಊಟ, ಪಾನೀಯ, ವ್ಯಾಯಾಮದಂಥ ಹೊಸ ಅಭ್ಯಾಸ ಯೋಚಿಸದೆ ನಡೆಯುವಂತಾಗಲು ಹಿಡಿದ ಮಧ್ಯಮ ಅವಧಿ 66 ದಿನ. 18 ದಿನದಿಂದ 254 ದಿನದವರೆಗೆ ಏರಿಳಿತವಿತ್ತು. ‘21 ದಿನದಲ್ಲಿ ರೂಢಿಯಾಗುತ್ತದೆ’ ಎಂಬ ಜನಪ್ರಿಯ ಮಾತಿಗೆ ಇದರಲ್ಲಿ ಆಧಾರವಿಲ್ಲ. ನಡುವೆ ಒಂದು ದಿನ ತಪ್ಪಿದರೆ ರೂಢಿ ಕೆಡುವುದಿಲ್ಲ ಎಂಬುದೂ ಅದರಲ್ಲಿ ಕಂಡಿತು. ರೂಢಿಗೆ ನೆರವಾಗಲೆಂದು ಬಳಸುವ ಮೊಬೈಲ್ ಆ್ಯಪ್‌ಗಳ ಕಥೆ ಅಷ್ಟು ಸೊಗಸಿಲ್ಲ: ಮಾನಸಿಕ ಆರೋಗ್ಯದ ಆ್ಯಪ್‌ಗಳ 2019ರ ಒಂದು ವಿಶ್ಲೇಷಣೆಯಲ್ಲಿ, ಹಾಕಿಕೊಂಡ 30 ದಿನಗಳ ನಂತರ ಉಳಿದ ಬಳಕೆದಾರರ ಮಧ್ಯಮ ಪ್ರಮಾಣ ಶೇ. 3.3 ಮಾತ್ರ.

‘ಬೆಳಗಿನ ಐದಕ್ಕೆ ಏಳಿ’ ಎಂದು ಪುಸ್ತಕಗಳು ಕೊಡುವ ಸಲಹೆ ಈ ಜಿಲ್ಲೆಯ ದುಡಿಮೆಗೆ ಹೊಂದುವುದು ಕಡಿಮೆ. ದೇವನಹಳ್ಳಿಯ ವಿಮಾನ ನಿಲ್ದಾಣ 2008ರಿಂದ ಹಗಲಿರುಳು ಶಿಫ್ಟ್‌ಗಳಲ್ಲಿ ನಡೆಯುತ್ತಿದೆ. ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗದ ಸದ್ದು ಮನೆಯೊಳಗೇ ಇರುತ್ತದೆ. ರೇಷ್ಮೆ ಸಾಕುವ ಮನೆಗಳಲ್ಲಿ ಹುಳು ನಾಲ್ಕನೇ ಜ್ವರದಿಂದ (ಪೊರೆ ಕಳಚುವ ಹಂತದಿಂದ) ಎದ್ದು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗುವವರೆಗೆ ಸುಮಾರು ಒಂದು ವಾರ ಸೊಪ್ಪು ಹಾಕುವುದೇ ಕೆಲಸ. ಇಂಥವರು ಗಡಿಯಾರವನ್ನು ಹಿಡಿಯುವುದಕ್ಕಿಂತ ಸ್ನಾನ, ಶಿಫ್ಟ್‌ನಿಂದ ಮನೆಗೆ ಬಂದ ಹೊತ್ತು, ಮಗ್ಗ ನಿಲ್ಲಿಸಿದ ಹೊತ್ತು ಮುಂತಾದ ಯಾವುದಾದರೂ ತಪ್ಪದ ಕೆಲಸಕ್ಕೆ ಧ್ಯಾನವನ್ನು ಜೋಡಿಸಿಕೊಳ್ಳುವುದು ಲೇಸು. ಹತ್ತು ನಿಮಿಷವೂ ಸಾಕು. ರೇಷ್ಮೆ ಬೆಳೆಯ ಕೊನೆಯ ವಾರ ಐದು ನಿಮಿಷಕ್ಕಿಳಿದರೂ ಕೂರುವುದನ್ನು ಮಾತ್ರ ಬಿಡಬಾರದು. ಕೆಳಗೆ ಕೂರಲಾಗದವರು ಕುರ್ಚಿಯಲ್ಲಿ ಕೂರಬಹುದು. ಮನಸ್ಸು ಅಲೆಯುವುದು ಸೋಲಲ್ಲ, ಅಲೆದದ್ದನ್ನು ಕಂಡು ಹಿಂದಕ್ಕೆ ತರುವುದೇ ಅಭ್ಯಾಸ.

ಧ್ಯಾನ ಎಲ್ಲರಿಗೂ ನಿರಪಾಯವಲ್ಲ. 2020ರ ಒಂದು ಸಮೀಕ್ಷಾ ಅಧ್ಯಯನ ಆತಂಕ, ಖಿನ್ನತೆಯಂಥ ಅಡ್ಡ ಅನುಭವಗಳ ಪ್ರಮಾಣವನ್ನು ಶೇ. 8ರಷ್ಟೆಂದು ಅಂದಾಜಿಸಿದೆ. ಚಿತ್ತವಿಕಲತೆಯ ಹಿನ್ನೆಲೆ ಇರುವವರು ದೀರ್ಘ ಮೌನ ಶಿಬಿರಕ್ಕೆ ಸೇರುವ ಮುನ್ನ ವೈದ್ಯರನ್ನು ಕಾಣಬೇಕು. ಧ್ಯಾನ ಹಿಡಿದೆವೆಂದು ಮಾತ್ರೆ ನಿಲ್ಲಿಸಬಾರದು. ಕೂತಾಗ ಭಯ, ನಿದ್ರಾಹೀನತೆ ಹೆಚ್ಚಿದರೆ ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲೂ ಮಾತಾಡುತ್ತಾರೆ.