ಹೋದಲ್ಲಿಗೇ ಹೋಗುವವರು

ಪ್ರವಾಸವೆಂದರೆ ಕಾಣದ್ದನ್ನು ಕಾಣುವುದು ಎಂದು ನಾವೆಲ್ಲ ತಿಳಿದಿದ್ದೇವೆ. ಕಂಡದ್ದನ್ನೇ ಮತ್ತೆ ಮತ್ತೆ ಕಾಣಲು ಹೊರಡುವವನನ್ನು ಲೋಕ ಪ್ರವಾಸಿ ಎಂದು ಕರೆಯುವುದಿಲ್ಲ. ದೇವಸ್ಥಾನಕ್ಕೆ ಹೋದರೆ ಭಕ್ತನೆನ್ನುತ್ತದೆ, ಇನ್ನೆಲ್ಲಿಗೆ ಹೋದರೂ ಮರುಳನೆನ್ನುತ್ತದೆ. ಈ ಎರಡನೆಯ ಹೆಸರನ್ನು ನಾನೂ ನನ್ನ ಹೆಂಡತಿಯೂ ಸುಮಾರು ಎರಡೂವರೆ ವರ್ಷ ಹೊತ್ತಿದ್ದೆವು. ಅದರ ಕತೆಯನ್ನೂ, ಆ ಮರುಳಿಗೆ ಇರುವ ಒಂದು ಹಳೆಯ ವಂಶಾವಳಿಯನ್ನೂ ತಮ್ಮ ಮುಂದೆ ಇಡಬೇಕೆಂದು ನನ್ನ ಆಸೆ.

ನಾನು ಮೈಸೂರಿನಲ್ಲಿ ಇತಿಹಾಸ ಪಾಠ ಹೇಳಿ ನಿವೃತ್ತನಾದವನು. ಮಗಳು ಕ್ಯಾಲಿಫೋರ್ನಿಯದ ಆನಹೈಮ್ ಊರಿನಲ್ಲಿ ನೆಲೆಸಿದ್ದರಿಂದ 2017ರ ಶರತ್ಕಾಲದಲ್ಲಿ ನಾವಿಬ್ಬರೂ ಅಲ್ಲಿಗೆ ಹೋಗಿ ಕೆಲವು ವರ್ಷ ಇದ್ದೆವು. ಅವಳ ಮನೆಯಿಂದ ಡಿಸ್ನಿಲ್ಯಾಂಡ್ ಎಂಬ ಜಗತ್ಪ್ರಸಿದ್ಧ ವಿಹಾರೋದ್ಯಾನ ಕೂಗಳತೆಯ ದೂರ. ಕೂಗಳತೆ ಎಂಬುದನ್ನು ಅಲಂಕಾರಕ್ಕಾಗಿ ಹೇಳಲಿಲ್ಲ. ನಾವು ಹೋಗಿ ಇಳಿದ ಮರುದಿನ ಬೆಳಗ್ಗೆ ಹಿತ್ತಿಲಿನಲ್ಲಿ ಕಾಫಿ ಕುಡಿಯುತ್ತಿದ್ದಾಗ ಉಗಿಬಂಡಿಯ ಸಿಳ್ಳೆಯೊಂದು ಗಾಳಿಯಲ್ಲಿ ತೇಲಿ ಬಂತು. ನನ್ನ ಹೆಂಡತಿ ಬಟ್ಟಲನ್ನು ಕೆಳಗಿಟ್ಟು, ‘ಇಲ್ಲಿ ಉಗಿಬಂಡಿ ಇದೆಯೆ?’ ಎಂದು ಕೇಳಿದಳು.

ಆ ಪ್ರಶ್ನೆಯ ಹಿಂದೆ ಏನಿತ್ತೆಂಬುದನ್ನು ತಿಳಿಸಬೇಕು. ಅವಳ ತಂದೆ ಶಿವಮೊಗ್ಗ–ತಾಳಗುಪ್ಪ ಮೀಟರ್‌ಗೇಜ್ ದಾರಿಯ ಒಂದು ಪುಟ್ಟ ನಿಲ್ದಾಣದಲ್ಲಿ ಸ್ಟೇಷನ್ ಮಾಸ್ತರರಾಗಿದ್ದವರು. ಕಾಡು, ಮಳೆ, ದಿನಕ್ಕೆ ಬೆರಳೆಣಿಕೆಯ ಗಾಡಿಗಳು, ಮೇಜಿನ ಮೇಲೆ ಕಟಕಟ ಎನ್ನುವ ತಂತಿಯಂತ್ರ – ಇವುಗಳ ನಡುವೆ ಅವಳ ಬಾಲ್ಯ ಕಳೆದಿತ್ತು. ನಮ್ಮ ದೇಶದ ಮುಖ್ಯ ದಾರಿಗಳಿಂದ ಉಗಿಬಂಡಿ ಮರೆಯಾಗಿ ಎಷ್ಟೋ ಕಾಲವಾಯಿತು. ಆ ದಾರಿಯೂ ಈಗ ಅಗಲ ಹಳಿಯದಾಗಿದೆ. ಹೀಗಿರುವಾಗ ಭೂಮಿಯ ಇನ್ನೊಂದು ಮಗ್ಗುಲಲ್ಲಿ, ಮಕ್ಕಳ ಆಟಕ್ಕೆಂದು ಕಟ್ಟಿದ ತೋಟವೊಂದರಿಂದ ಆ ಸಿಳ್ಳೆ ಅವಳನ್ನು ಕರೆಯಿತು.

ಆ ಸೀಮೆಯ ನಿವಾಸಿಗಳಿಗೆಂದೇ ಇದ್ದ ವಾರ್ಷಿಕ ಪರವಾನೆಯೊಂದನ್ನು ಮಗಳು ನಮ್ಮಿಬ್ಬರಿಗೂ ಕೊಡಿಸಿದಳು. ಹಬ್ಬಹುಣ್ಣಿಮೆಗಳಲ್ಲಿಯೂ ರಜೆಯ ಗದ್ದಲದಲ್ಲಿಯೂ ಅದು ಸಲ್ಲದು. ಉಳಿದ ದಿನಗಳಲ್ಲಿ ಎಷ್ಟು ಸಲ ಬೇಕಾದರೂ ಹೋಗಬಹುದು. ಒಂದು ದಿನದ ಚೀಟಿಯ ಬೆಲೆ ನೂರು ಡಾಲರಿನ ಆಸುಪಾಸಿನಲ್ಲಿದ್ದ ಕಾಲದಲ್ಲಿ, ವಾರಕ್ಕೆರಡು ಸಲ ಹೋಗುವವರಿಗೆ ಅದು ಕಾಫಿಯ ಖರ್ಚಿಗಿಂತ ಹೆಚ್ಚಾಗಲಿಲ್ಲ. ಮೊದಲ ಕೆಲವು ಸಲ ನಾನು ಗೊಣಗಿಕೊಂಡೇ ಹೋದೆ. ಇತಿಹಾಸ ಓದಿದವನಿಗೆ ರಟ್ಟಿನ ಕೋಟೆಗಳು ರುಚಿಸುವುದಿಲ್ಲ. ಆದರೆ ಗೊಣಗುವವನ ಕಣ್ಣೂ ಕಣ್ಣೇ. ನೋಡುತ್ತ ಹೋದಂತೆ, ಈ ತೋಟಕ್ಕೂ ಈ ಪರವಾನೆಗೂ ಪೂರ್ವಿಕರಿದ್ದಾರೆಂದು ನನಗೆ ಹೊಳೆಯಿತು.

ಆ ಪೂರ್ವಿಕರಲ್ಲಿ ಹಿರಿಯದು ಲಂಡನ್ನಿನ ವಾಕ್ಸ್‌ಹಾಲ್ ಉದ್ಯಾನ. ಥೇಮ್ಸ್ ನದಿಯ ದಕ್ಷಿಣ ದಂಡೆಯ ಈ ತೋಟಕ್ಕೆ ಹದಿನೇಳನೆಯ ಶತಮಾನದಲ್ಲಿ ದಿನಚರಿಕಾರ ಸ್ಯಾಮ್ಯುಯಲ್ ಪೀಪ್ಸ್ ಹೋಗಿಬರುತ್ತಿದ್ದಾಗ ಬಾಗಿಲಲ್ಲಿ ಹಣ ಕೇಳುವವರಿರಲಿಲ್ಲ. 1729ರಲ್ಲಿ ಜೊನಾಥನ್ ಟೈಯರ್ಸ್ ಎಂಬಾತ ಅದನ್ನು ಗುತ್ತಿಗೆ ಹಿಡಿದು, 1732ರಲ್ಲಿ ಹೊಸದಾಗಿ ತೆರೆದ. ವಾದ್ಯಗೋಷ್ಠಿ, ಚಿತ್ರಗಳು, ಊಟದ ಗೂಡುಗಳು, ಶಿಲ್ಪಿ ರೂಬಿಲಿಯಾಕ್ ಕಡೆದ ಸಂಗೀತಗಾರ ಹ್ಯಾಂಡೆಲನ ಅಮೃತಶಿಲೆಯ ಪ್ರತಿಮೆ – ಇವೆಲ್ಲ ಅಲ್ಲಿ ನೆಲೆಗೊಂಡವು. ಕತ್ತಲಾಗುತ್ತಿದ್ದಂತೆ ಒಂದು ಸಿಳ್ಳೆ ಕೇಳುತ್ತಿತ್ತು. ಅಲ್ಲಲ್ಲಿ ನಿಂತ ಆಳುಗಳು ಬತ್ತಿಗೆ ಕಿಡಿ ಸೋಕಿಸಿದೊಡನೆ ಸಾವಿರಾರು ದೀಪಗಳು ಕ್ಷಣಾರ್ಧದಲ್ಲಿ ಹೊತ್ತಿಕೊಳ್ಳುತ್ತಿದ್ದವು. ಅಲ್ಲಿ ಬಡಿಸುತ್ತಿದ್ದ ಮಾಂಸದ ಹೋಳು ಎಷ್ಟು ತೆಳ್ಳಗೆಂದರೆ ಅದರ ಮೂಲಕ ವೃತ್ತಪತ್ರಿಕೆ ಓದಬಹುದೆಂದು ಜನ ನಗುತ್ತಿದ್ದರು. ವಿಹಾರೋದ್ಯಾನಗಳ ತಿಂಡಿಯ ಬೆಲೆಯ ಮೇಲಿನ ದೂರು ಆಗಲೇ ಹುಟ್ಟಿತ್ತೆಂಬುದು ಇದರಿಂದ ತಿಳಿಯುತ್ತದೆ.

ಪ್ರವೇಶಕ್ಕೆ ಒಂದು ಷಿಲಿಂಗ್. ಹತ್ತಿರವಿದ್ದು ಪದೇ ಪದೇ ಬರುವವರಿಗೆ ಟೈಯರ್ಸ್ ಬೆಳ್ಳಿಯ ಋತುಚೀಟಿಗಳನ್ನು ಮಾಡಿಸಿದ. ಪದಕದಂತಿದ್ದ ಆ ಚೀಟಿಯ ಒಂದು ಮುಖದಲ್ಲಿ ಚಿತ್ರ, ಇನ್ನೊಂದು ಮುಖದಲ್ಲಿ ಪಡೆದವರ ಹೆಸರು. ನನಗೆ ತುಂಬ ಹಿಡಿಸಿದ ಸಂಗತಿ ಇನ್ನೊಂದುಂಟು: ಒಂದು ಚೀಟಿಗೆ ಇಬ್ಬರಿಗೆ ಪ್ರವೇಶವಿತ್ತು. ಒಬ್ಬನೇ ಹೋಗಿ ವಿಹರಿಸುವುದು ವಿಹಾರವಲ್ಲವೆಂದು ಆ ವ್ಯಾಪಾರಿಗೆ ತಿಳಿದಿತ್ತು. ತನಗೆ ಒತ್ತಾಸೆಯಾಗಿ ನಿಂತ ಚಿತ್ರಕಾರ ಹೊಗಾರ್ತನಿಗೆ ಅವನು ಬಂಗಾರದ ಚೀಟಿಯನ್ನೇ ಕೊಟ್ಟ. ಅದಕ್ಕೆ ಅವಧಿಯ ಮಿತಿಯೇ ಇರಲಿಲ್ಲ. ಅದೀಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. 1767ರಲ್ಲಿ ಟೈಯರ್ಸ್ ತೀರಿಕೊಳ್ಳುವ ಮುನ್ನ, ಕೊನೆಯ ಸಲ ನೋಡಬೇಕೆಂದು ತನ್ನನ್ನು ತೋಟದೊಳಕ್ಕೆ ಹೊರಿಸಿಕೊಂಡು ಹೋದನೆಂದು ಪ್ರತೀತಿ. ದಿನವೂ ಕಂಡದ್ದನ್ನು ಇನ್ನೊಮ್ಮೆ ಕಾಣುವ ಆಸೆ ಒಡೆಯನಿಗೂ ಇತ್ತು.

ವಾಕ್ಸ್‌ಹಾಲ್ 1859ರಲ್ಲಿ ಮುಚ್ಚಿತು. ಆದರೆ ಅದರ ಹೆಸರು ಸಾಯಲಿಲ್ಲ. ರಷ್ಯದ ಮೊದಲ ರೈಲುದಾರಿಯ ತುದಿಯಲ್ಲಿ, ಪಾವ್ಲೋವ್ಸ್ಕ್ ಎಂಬಲ್ಲಿ, ಅಂಥದೇ ಸಂಗೀತಮಂಟಪವಿತ್ತು. ರಷ್ಯನ್ ಭಾಷೆಯಲ್ಲಿ ದೊಡ್ಡ ರೈಲು ನಿಲ್ದಾಣವನ್ನು ‘ವೊಕ್ಸಾಲ್’ ಎನ್ನುವುದು ಆ ಬಳಕೆಯಿಂದಲೇ. ಇದನ್ನು ಹೇಳಿದಾಗ ನನ್ನ ಹೆಂಡತಿ, ‘ಹಾಗಾದರೆ ನಮ್ಮಪ್ಪ ವಿಹಾರೋದ್ಯಾನದ ಮಾಸ್ತರರು!’ ಎಂದು ನಕ್ಕಳು. ಅತ್ತ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ 1843ರ ಆಗಸ್ಟ್ 15ರಂದು ತೆರೆದ ತೋಟದ ಮೊದಲ ಹೆಸರು ‘ತಿವೋಲಿ ಮತ್ತು ವಾಕ್ಸ್‌ಹಾಲ್’. ಜನ ನಲಿದಾಡುತ್ತಿದ್ದರೆ ರಾಜಕೀಯದ ಗೊಡವೆಗೆ ಹೋಗುವುದಿಲ್ಲವೆಂದು ರಾಜನಿಗೆ ಹೇಳಿ ಗೆಯೋರ್ಗ್ ಕಾರ್ಸ್ಟೆನ್ಸೆನ್ ಎಂಬಾತ ಅಪ್ಪಣೆ ಪಡೆದನೆಂದು ಕತೆ. ಊರಿನ ಹಳೆಯ ಕೋಟೆಯ ಬಯಲಿನಲ್ಲಿ ಅದು ಎದ್ದಿತು. ಅಲ್ಲಿರುವ ಕೊಳ ಹಿಂದಿನ ಕಂದಕದ ಉಳಿಕೆ. ಅದೇ ವರ್ಷ ಅಲ್ಲಿಗೆ ಹೋಗಿಬಂದ ಹ್ಯಾನ್ಸ್ ಆಂಡರ್ಸನ್ ತನ್ನ ‘ನೈಟಿಂಗೇಲ್’ ಕತೆಯನ್ನು ಬರೆಯತೊಡಗಿದ. ತನ್ನ ತೋಟ ಎಂದಿಗೂ ಪೂರ್ಣವಾಗದು ಎಂದು ಕಾರ್ಸ್ಟೆನ್ಸೆನ್ ಹೇಳುತ್ತಿದ್ದನಂತೆ. ನೂರು ವರ್ಷಗಳ ಮೇಲೆ ಡಿಸ್ನಿಲ್ಯಾಂಡನ್ನು ಕುರಿತು ವಾಲ್ಟ್ ಡಿಸ್ನಿ ಆಡಿದ ಮಾತೂ ಅದೇ.

ಡಿಸ್ನಿ ತಿವೋಲಿಯನ್ನು ನೋಡಿಬಂದದ್ದು 1951ರಲ್ಲಿ. ಅದಕ್ಕೂ ಮೊದಲು, ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿನಲ್ಲಿ ಹೆಣ್ಣುಮಕ್ಕಳು ತಿರುಗುಕುದುರೆಯ ಮೇಲೆ ಕುಳಿತಿರುವಾಗ, ತಾನು ಬೆಂಚಿನ ಮೇಲೆ ಕಡಲೆಕಾಯಿ ತಿನ್ನುತ್ತ ಕಾಯಬೇಕಾಗಿತ್ತು, ದೊಡ್ಡವರೂ ಮಕ್ಕಳೂ ಕೂಡಿ ನಲಿಯುವ ಸ್ಥಳವೊಂದು ಬೇಕೆಂದು ಆಗ ಹೊಳೆಯಿತೆಂದು ಅವನೇ ಹೇಳಿಕೊಂಡಿದ್ದಾನೆ. ಕಿತ್ತಳೆ ಮತ್ತು ಅಕ್ರೋಟಿನ ತೋಪುಗಳಿದ್ದ 160 ಎಕರೆ ನೆಲದಲ್ಲಿ ಒಂದೇ ವರ್ಷದಲ್ಲಿ ಕಟ್ಟಿ, 1955ರ ಜುಲೈ 17ರಂದು ಅದನ್ನು ತೆರೆದರು. ಮೊದಲ ದಿನ ಸುಡುಬಿಸಿಲು. ಕಳ್ಳಚೀಟಿ ಹಿಡಿದು ಬಂದ ಜನಸಾಗರ. ಕೊಳಾಯಿ ಕೆಲಸಗಾರರ ಮುಷ್ಕರದಿಂದ ಕುಡಿಯುವ ನೀರಿಗೆ ಬರ. ಆಗ ಒಳಕ್ಕೆ ಹೋಗಲು ಒಂದು ಡಾಲರ್. ಒಂದೊಂದು ಆಟಕ್ಕೂ ಬೇರೆ ಚೀಟಿ. ಆ ಚೀಟಿ ಪುಸ್ತಕಗಳ ಪದ್ಧತಿ 1982ರಲ್ಲಿ ಮುಗಿಯಿತು. ವಾರ್ಷಿಕ ಪರವಾನೆ ಬಂದದ್ದು ಆ ದಶಕದಲ್ಲಿಯೇ. ಆಟದ ಲೆಕ್ಕ ಹೋದ ಮೇಲೆ ಸುಮ್ಮನೆ ಕುಳಿತುಕೊಳ್ಳುವುದಕ್ಕೂ ಒಂದು ಬೆಲೆ ಬಂತು. ನೆರೆಯ ಊರಿನವರು ಸಂಜೆ ಸುಮ್ಮನೆ ಬಂದು ಹೋಗುವ ವಾಡಿಕೆ ಬೆಳೆಯಿತು.

ನಾವೂ ಸುಮ್ಮನೆ ಕುಳಿತುಕೊಳ್ಳುವವರ ಪಂಗಡ. ತೋಟದ ಸುತ್ತ ಎತ್ತರದ ಮಣ್ಣಿನ ಏರಿ. ಅದರ ಮೇಲೆ ರೈಲು. ಮುಖ್ಯ ಬಾಗಿಲಿನಿಂದ ಒಳಗೆ ಹೋಗುವವರು ಹಳಿಯ ಕೆಳಗಿನ ಸುರಂಗವನ್ನು ಹಾಯಬೇಕು. ಡಿಸ್ನಿ ಹುಡುಗನಾಗಿದ್ದಾಗ ಮಿಸೂರಿಯ ಮಾರ್ಸಲೀನ್ ಎಂಬ ರೈಲ್ವೆ ಊರಿನಲ್ಲಿ ಬೆಳೆದು, ಮುಂದೆ ಗಾಡಿಗಳಲ್ಲಿ ಪತ್ರಿಕೆ, ತಿಂಡಿ ಮಾರಿದವನು. ಅಲ್ಲಿನ ಒಂದು ಎಂಜಿನ್ 1894ರಲ್ಲಿ ತಯಾರಾಗಿ ಲೂಯಿಸಿಯಾನದ ಕಬ್ಬಿನ ತೋಟದಲ್ಲಿ ದುಡಿದದ್ದು. ಅದರ ಮುಂದೆ ನಿಂತಾಗಲೆಲ್ಲ ನನ್ನ ಹೆಂಡತಿ ಕೈಯೆತ್ತಿ ಬಿಸಿಯನ್ನು ಮುಟ್ಟಿ ನೋಡುವವಳಂತೆ ಗಾಳಿಯಲ್ಲಿ ಹಿಡಿಯುತ್ತಿದ್ದಳು.

ಒಂದು ದಿನ ನ್ಯೂ ಆರ್ಲಿಯನ್ಸ್ ಚೌಕದ ನಿಲ್ದಾಣದಲ್ಲಿ ಅವಳು ಥಟ್ಟನೆ ನಿಂತಳು. ಬೀಗ ಹಾಕಿದ ಕೋಣೆಯೊಂದರ ಒಳಗಿನಿಂದ ತಂತಿಯಂತ್ರದ ಸದ್ದು ಕೇಳುತ್ತಿತ್ತು. ನಮ್ಮಲ್ಲಿ ತಂತಿಯ ಸೇವೆಯೇ 2013ರಲ್ಲಿ ಕೊನೆಗೊಂಡಿತ್ತು. ತಂದೆಯ ತೊಡೆಯ ಮೇಲೆ ಕುಳಿತು ಕಲಿತ ಅಕ್ಷರಗಳನ್ನು ನೆನೆದು ಅವಳು ಬೆರಳಿನಿಂದ ಬೆಂಚಿನ ಮೇಲೆ ಬಡಿಯುತ್ತ ಓದಲು ತೊಡಗಿದಳು. ಏನೂ ಕೂಡಿಬರಲಿಲ್ಲ. ‘ಎಲ್ಲ ಮರೆತೆ’ ಎಂದಳು. ಆ ಮುಖವನ್ನು ನಾನು ಹಿಂದೆ ನೋಡಿರಲಿಲ್ಲ. ಎಪ್ಪತ್ತು ದಾಟಿದವರಿಗೆ ಆ ಒಂದು ಮಾತು ಎಷ್ಟು ಭಾರವೆಂದು ಸಮವಯಸ್ಕರು ಬಲ್ಲರು. ಹಲವು ವಾರ ಅವಳು ಅಲ್ಲಿಯೇ ಕುಳಿತು ಕಿವಿಗೊಟ್ಟಳು, ಸೋತಳು. ಕೊನೆಗೆ ನಿಲ್ದಾಣದ ವೃದ್ಧ ನೌಕರನೊಬ್ಬ ತಿಳಿಸಿದ: ಆ ಯಂತ್ರ ನುಡಿಯುವುದು ಉದ್ಘಾಟನೆಯ ದಿನ ಡಿಸ್ನಿ ಓದಿದ ಸ್ವಾಗತದ ಮೊದಲ ಸಾಲುಗಳನ್ನು, ನುಡಿಯುವುದು ಅಮೆರಿಕದ ಹಳೆಯ ರೈಲ್ವೆ ಸಂಕೇತದಲ್ಲಿ. ನಮ್ಮಲ್ಲಿ ಬಳಕೆಯಲ್ಲಿದ್ದ ಅಂತರರಾಷ್ಟ್ರೀಯ ಸಂಕೇತಕ್ಕೂ ಅದಕ್ಕೂ ಹಲವು ಅಕ್ಷರಗಳಲ್ಲಿ ವ್ಯತ್ಯಾಸ. ಅವಳು ಮರೆತಿರಲಿಲ್ಲ! ಲಿಪಿ ಬೇರೆಯಾಗಿತ್ತು. ಆ ದಿನ ಮನೆಗೆ ನಡೆದುಬರುವಾಗ ಅವಳು ನನಗಿಂತ ನಾಲ್ಕು ಹೆಜ್ಜೆ ಮುಂದಿದ್ದಳು. ಒಂದು ದಿನದ ಚೀಟಿ ಹಿಡಿದು ಆಟದಿಂದ ಆಟಕ್ಕೆ ಓಡುವವರಿಗೆ ಆ ಸದ್ದು ಕಿವಿಗೆ ಬೀಳುವುದೂ ಇಲ್ಲ. ಮರಳಿ ಮರಳಿ ಬಂದುದರಿಂದ ನಮಗೆ ಅದು ದೊರೆಯಿತು.

ಆದರೆ ಬಾಗಿಲನ್ನು ಹೊಗಳುವಾಗ ಬಾಗಿಲ ಹೊರಗಿನವರನ್ನು ಇತಿಹಾಸಕಾರ ಮರೆಯಬಾರದು. ವಾಕ್ಸ್‌ಹಾಲಿನ ಷಿಲಿಂಗು ಎಲ್ಲರಲ್ಲಿಯೂ ಇರಲಿಲ್ಲ. ಸಮವಸ್ತ್ರದ ಸೇವಕರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಅಮೆರಿಕದಲ್ಲಿಯೇ ಎಷ್ಟೋ ವಿನೋದೋದ್ಯಾನಗಳು ಕರಿಯರನ್ನು ಒಳಗೆ ಬಿಡುತ್ತಿರಲಿಲ್ಲ. ವಾಷಿಂಗ್ಟನ್ನಿನ ಸಮೀಪದ ಗ್ಲೆನ್ ಎಕೋ ಎಂಬಲ್ಲಿ 1960ರಲ್ಲಿ ವಿದ್ಯಾರ್ಥಿಗಳು ತಿರುಗುಕುದುರೆಗಳ ಮೇಲೆ ಕುಳಿತು ಬಂಧನಕ್ಕೊಳಗಾದರು. ಮರುವರ್ಷ ಬಾಗಿಲು ಎಲ್ಲರಿಗೂ ತೆರೆಯಿತು. ಮಾರ್ಟಿನ್ ಲೂಥರ್ ಕಿಂಗ್ 1963ರಲ್ಲಿ ಬರ್ಮಿಂಗ್‌ಹ್ಯಾಮ್ ಸೆರೆಮನೆಯಿಂದ ಬರೆದ ಪ್ರಸಿದ್ಧ ಪತ್ರದಲ್ಲಿ, ಟೆಲಿವಿಷನ್ನಿನಲ್ಲಿ ಜಾಹೀರಾತು ನೋಡಿದ ಆರು ವರ್ಷದ ಮಗಳಿಗೆ ‘ಫನ್‌ಟೌನ್’ ಎಂಬ ತೋಟ ಅವಳಿಗಲ್ಲವೆಂದು ಹೇಳಬೇಕಾಗಿ ಬಂದ ಸಂಕಟವನ್ನು ತೋಡಿಕೊಂಡಿದ್ದಾರೆ. ಸುಖದ ಬಾಗಿಲಲ್ಲಿ ತಡೆದು ನಿಲ್ಲಿಸಿದ ಮಗುವಿಗೆ ಆಗುವ ಗಾಯ ಕಿರಿದೆಂದು ಆ ಪತ್ರ ಓದಿದವರು ಎಂದೂ ಹೇಳಲಾರರು. ಇಂದು ಬಣ್ಣದ ತಡೆಯಿಲ್ಲ. ಬೆಲೆಯ ತಡೆ ಬೆಳೆಯುತ್ತಲೇ ಇದೆ. ನಮ್ಮ ಪರವಾನೆಯೂ ಮಗಳ ಸಂಬಳದ ಕೃಪೆ. ಅಲ್ಲಿ ಕಸ ಗುಡಿಸುವವರನ್ನು ಕಂಡಾಗ, ಇವರು ರಜೆಯ ದಿನ ತಮ್ಮ ಮಕ್ಕಳನ್ನು ಎಲ್ಲಿಗೆ ಕರೆದೊಯ್ಯುತ್ತಾರೋ ಎಂಬ ಯೋಚನೆ ನನ್ನನ್ನು ಬಿಟ್ಟುಹೋಗಲಿಲ್ಲ.

2020ರ ಮಾರ್ಚ್ 14ರಿಂದ ಮಹಾಮಾರಿಯ ಕಾರಣ ತೋಟ ಮುಚ್ಚಿತು. ಒಂದು ವರ್ಷಕ್ಕೂ ಮಿಗಿಲಾಗಿ ಹಿತ್ತಿಲಿಗೆ ಸಿಳ್ಳೆ ಬರಲಿಲ್ಲ. ಹೊರಗೆ ಆಂಬುಲೆನ್ಸುಗಳ ಕೂಗು ಮಾತ್ರ. 2021ರ ಜನವರಿಯಲ್ಲಿ ಹಳೆಯ ಪರವಾನೆಗಳ ಏರ್ಪಾಡನ್ನೇ ಕೊನೆಗೊಳಿಸಿದರು. ಅದೇ ಆಗಸ್ಟಿನಲ್ಲಿ ಬೇರೆ ಹೆಸರಿನ, ದಿನವನ್ನು ಮುಂದಾಗಿ ಗೊತ್ತುಮಾಡಿಕೊಳ್ಳಬೇಕಾದ ಏರ್ಪಾಡು ಬಂತು. ನಡುವೆ ಏಪ್ರಿಲ್ 30ರಂದು ಬಾಗಿಲು ತೆರೆದಾಗ ಮೊದಲಿಗೆ ಕ್ಯಾಲಿಫೋರ್ನಿಯದ ನಿವಾಸಿಗಳಿಗಷ್ಟೇ ಅವಕಾಶವಿತ್ತು. ನಾವು ಆತುರಪಡಲಿಲ್ಲ. ಆ ವರ್ಷದ ಕೊನೆಯಲ್ಲಿ, ಊರಿಗೆ ಮರಳುವ ಮುನ್ನ, ಒಂದು ದಿನದ ಎರಡು ಚೀಟಿ ಕೊಂಡು ಹೋದೆವು. ಮೊಣಕಾಲಿನ ನೋವಿನಿಂದ ಅವಳು ಕೋಲೂರಿ ನಡೆಯುತ್ತಿದ್ದಳು. ತಂತಿಯ ಕೋಣೆಯ ಮುಂದಿನ ಬೆಂಚಿನಲ್ಲಿ ಅರ್ಧ ಗಂಟೆ ಕುಳಿತು, ಹೊಸ ಲಿಪಿಯಲ್ಲಿ ತಾನು ಕಲಿತುಕೊಂಡಿದ್ದ ನಾಲ್ಕಾರು ಅಕ್ಷರಗಳನ್ನು ಹಿಡಿದಳು. ‘ಸಾಕು, ಹೋಗೋಣ’ ಎಂದಳು.

ಈಗ ನಾವು ಮೈಸೂರಿನಲ್ಲಿದ್ದೇವೆ. ಇಲ್ಲಿನ ರೈಲ್ವೆ ವಸ್ತುಸಂಗ್ರಹಾಲಯ 1979ರಲ್ಲಿ ಆರಂಭವಾದಾಗ ನಾನು ವಿದ್ಯಾರ್ಥಿಗಳನ್ನು ಕರೆದುಕೊಂಡು ಒಮ್ಮೆ ಹೋಗಿದ್ದೆ. ನೋಡಿ ಆಯಿತು ಎಂದುಕೊಂಡು ಮತ್ತೆ ಆ ಕಡೆ ತಲೆಹಾಕಿರಲಿಲ್ಲ. ಈಗ ಕೆಲವು ಸಂಜೆ ಇಬ್ಬರೂ ಅಲ್ಲಿಗೆ ಹೋಗುತ್ತೇವೆ. ಪ್ರತಿ ಸಲವೂ ಎರಡು ಚೀಟಿ ಕೊಳ್ಳುತ್ತೇವೆ. ಮೊನ್ನೆ ಬಾಗಿಲಿನಲ್ಲಿದ್ದ ಹುಡುಗ, ‘ಮೊನ್ನೆಯಷ್ಟೇ ನೋಡಿದಿರಲ್ಲ ಅಜ್ಜಿ, ಒಳಗೆ ಹೊಸದೇನೂ ಇಲ್ಲ’ ಎಂದ. ‘ಅದಕ್ಕೇ ಬಂದೆವಪ್ಪ’ ಎಂದು ಅವಳು ಒಳಕ್ಕೆ ನಡೆದಳು.